ಬಿ.ಪಿ. ಪುಸ್ತಕದಲ್ಲಿ ಒಂದು ಪೌಚ್

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6.15

ಬಿ.ಪಿ. 152/98. ಮಾತ್ರೆ ನುಂಗಿಯಾಯಿತು.

ದಿನಾ ಬರೆದಿಡಬೇಕಂತೆ, ಡಾಕ್ಟರ ಅಪ್ಪಣೆ. ಜೊತೆಗೆ ಸಿಟ್ಟು ಯಾಕೆ ಬಂತು ಎಂಬುದನ್ನೂ ಬರೆಯಬೇಕಂತೆ. ಅದಕ್ಕೆ ಈ ಪುಸ್ತಕ ಸಾಲದು ಡಾಕ್ಟ್ರೇ ಎಂದೆ. ನಗಲಿಲ್ಲ ಮಹಾಶಯ.

ಇವತ್ತಿನ ಕಾರಣ: ಮಗಳು. ಬಚ್ಚಲ ಬಾಗಿಲಲ್ಲಿ ಎದುರಾದಳು. ಗೋಡೆಗೆ ಸರಿದು ದಾರಿ ಬಿಟ್ಟಳು, ಯಾರೋ ದಾರಿಹೋಕನಿಗೆ ಬಿಟ್ಟ ಹಾಗೆ. ಮಾತಿಲ್ಲ ಕತೆಯಿಲ್ಲ. ಇಂದಿಗೆ ಹತ್ತೊಂಬತ್ತು ದಿನ.

ಸಂಜೆ 7

ಆಯಿತಪ್ಪ, ಅದನ್ನೂ ಬರೆಯುತ್ತೇನೆ. ಹತ್ತೊಂಬತ್ತು ದಿನದ ಹಿಂದೆ ಪೆನ್ನು ಬೇಕಿತ್ತು, ಅವಳ ಬ್ಯಾಗಿಗೆ ಕೈ ಹಾಕಿದೆ. ಅವಳು ಏನೇನೋ ಬರೆದುಕೊಳ್ಳುವ ಸಣ್ಣ ಪುಸ್ತಕ ಸಿಕ್ಕಿತು. ಓದಿದೆ. ‘ಅಪ್ಪ ಒಳಗೆ ಬಂದ ತಕ್ಷಣ ಮನೆ ಚಿಕ್ಕದಾಗುತ್ತೆ.’ ನನ್ನ ಬಗ್ಗೆ ಇದ್ದದ್ದು ಅಷ್ಟೇ. ಪಿತ್ತ ನೆತ್ತಿಗೇರಿತು. ಊಟಕ್ಕೆ ಕೂತಾಗ ಅಕ್ಕ, ಭಾವನೂ ಇದ್ದರು — ಎಲ್ಲರ ಮುಂದೆ ಗಟ್ಟಿಯಾಗಿ ಓದಿದೆ. “ಎಷ್ಟು ಚಿಕ್ಕದಾಗುತ್ತಮ್ಮಾ, ಟೇಪು ತಂದು ಅಳೀಲಾ?” ಎಂದೆ.

ಯಾರೂ ನಗಲಿಲ್ಲ. ಅವಳು ತಟ್ಟೆ ಬಿಟ್ಟು ಎದ್ದಳು. ಅಂದಿನಿಂದ ಬಾಯಿಗೆ ಬೀಗ.

ಮಾರ್ಚ್ 5. ಬೆಳಿಗ್ಗೆ

160/100. ಮೆಷಿನ್ನೇ ಕೆಟ್ಟಿರಬೇಕು.

ಹದಿಮೂರಕ್ಕೆ ಅವಳ ಹುಟ್ಟುಹಬ್ಬ. ಇಪ್ಪತ್ತು ತುಂಬುತ್ತದೆ. ಅದು ಮುಗಿಸಿಕೊಂಡು ನನ್ನ ಅಕ್ಕನ ಮನೆಗೆ ಹೋಗಿಬಿಡುತ್ತಾಳಂತೆ. ಕಾಲೇಜಿಗೂ ಅಲ್ಲಿಂದಲೇ ಅಂತೆ. ಹೆಂಡತಿ ಹೀಗೆ ಹೇಳಿದಳು, ಹಾಲು ಮುಗಿದಿದೆ ಎನ್ನುವಷ್ಟು ಸಲೀಸಾಗಿ. ಅಕ್ಕನೂ ಹೂಂ ಅಂದಿದ್ದಾಳೆ. ನನ್ನ ಒಡಹುಟ್ಟಿದವಳು! ಕೂಗಾಡಿದೆ.

“ರೀ, ತಪ್ಪಾಯ್ತು ಅಂದ್ರೆ ನಿಮ್ಮ ಗಂಟೇನು ಹೋಗುತ್ತೆ?”

“ಹೆತ್ತ ಮಗಳ ಹತ್ರ ನಾನು ತಪ್ಪಾಯ್ತು ಅನ್ನಬೇಕಾ?”

“ಓದಿದ್ದು ನಾನಾ?”

ತಿಂಡಿ ಬಿಟ್ಟು ಕೆಲಸಕ್ಕೆ ಹೋದೆ. ನನ್ನ ಹೊಟ್ಟೆಗೇ ಹೊಡೆತ.

ಮಾರ್ಚ್ 6. ವರ್ಕ್‌ಶಾಪ್, ಊಟದ ಬಿಡುವು

ಬಾಯಿಂದ ಬರುವುದಿಲ್ಲ. ಬಂದರೆ ಬೈಗುಳವೇ ಬರುತ್ತದೆ, ನನಗೆ ಗೊತ್ತು. ಕೈಯಿಂದ ಏನಾದರೂ...

ಜಿಪ್ ಇರುವ ಒಂದು ಸಣ್ಣ ಪೌಚ್. ಆ ಪುಸ್ತಕ ಹಿಡಿಸುವಷ್ಟು. ಅಳತೆ ಕೈಗೆ ನೆನಪಿದೆ, ಉದ್ದ ಒಂದು ಗೇಣು. ಇಪ್ಪತ್ತಾರು ವರ್ಷದಿಂದ ಕಾರಿನ ಸೀಟು ಹೊಲಿಯುತ್ತಿದ್ದೇನೆ, ಬಸ್ಸಿನ ಸೀಟು ಹೊಲಿದಿದ್ದೇನೆ. ಇದೇನು ಮಹಾ. ನೀಲಿ ಸೀಟುಬಟ್ಟೆಯ ತುಂಡು ಆರಿಸಿಟ್ಟೆ. ಒಳಗೆ ಲೈನಿಂಗಿಗೆ ಹಳದಿ ಕಾಟನ್. ಅರ್ಧ ಗಂಟೆಯ ಕೆಲಸ.

ಮಾರ್ಚ್ 8, ಶನಿವಾರ. ಸಂಜೆ

ಅರ್ಧ ಗಂಟೆಯಂತೆ! ನನ್ನ ತಲೆ.

ನಮ್ಮಲ್ಲಿ ನಿಯಮ, ಜಿಪ್ ಮುಚ್ಚಿಯೇ ಹೊಲಿಯಬೇಕು. ಇಲ್ಲದಿದ್ದರೆ ಅಂಚು ಜರುಗುತ್ತದೆ. ಹೊಸಬರಿಗೆ ಇದನ್ನೇ ಕಿರುಚಿ ಕಿರುಚಿ ನನ್ನ ಗಂಟಲು ಹೋಗಿದೆ. ಅದೇ ಅಭ್ಯಾಸದಲ್ಲಿ ಜಿಪ್ ಮುಚ್ಚಿದೆ, ಬಟ್ಟೆಯ ಒಳಮೈ ಹೊರಗಿಟ್ಟೆ, ಮೂರೂ ಬದಿ ಬಿಗಿಯಾಗಿ ಎರಡೆರಡು ಹೊಲಿಗೆ ಹಾಕಿದೆ. ಇನ್ನು ಮಗುಚಬೇಕು... ಎಲ್ಲಿಂದ ಮಗುಚುವುದು? ಜಿಪ್ ಎಳೆಯುವ ರನ್ನರ್ ಒಳಗೆ ಕೂತಿದೆ! ಸೀಟಿನ ಕವರಿಗಾದರೆ ಸ್ಪಂಜು ತುಂಬಲು ಒಂದು ಬದಿ ತೆರೆದೇ ಇರುತ್ತದೆ. ಇದಕ್ಕೆಲ್ಲಿದೆ?

ಕಟಿಂಗ್ ಮಾಸ್ಟರ್ ತಿರುಗಿಸಿ ಮುರುಗಿಸಿ ನೋಡಿದ. “ಏನಣ್ಣಾ, ಇದರೊಳಗೆ ಹೋಗೋಕೆ ಕನ್ನ ಹಾಕಬೇಕಾ?” ಇಡೀ ವರ್ಕ್‌ಶಾಪ್ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪೌಚನ್ನು ಗೋಡೆಗೆ ಬೀಸಿ ಒಗೆದೆ. ಕತ್ತರಿಯನ್ನೂ ಒಗೆಯುವವನಿದ್ದೆ, ಕೈ ಹಿಡಿದರು.

ಆಮೇಲೆ ನಾನೇ ಹೋಗಿ ಎತ್ತಿಕೊಂಡು ಬಂದೆ. ಹೊಲಿಗೆ ಬಿಚ್ಚಲು ಕೂತೆ. ನಮ್ಮ ದಪ್ಪ ಸೂಜಿ ಹಳದಿ ಬಟ್ಟೆಯಲ್ಲಿ ಸಾಲಾಗಿ ತೂತು ಬಿಟ್ಟಿದೆ. ಹಾಳಾಗಿ ಹೋಗಲಿ.

ಮಾರ್ಚ್ 12. ಸಂಜೆ

ನಾಲ್ಕು ದಿನ ಬಿ.ಪಿ. ನೋಡಿಲ್ಲ. ಸಾಯಲಿ.

ಬೀದಿ ಕೊನೆಯ ಲೇಡೀಸ್ ಟೈಲರಮ್ಮನ ಹತ್ತಿರ ಸಣ್ಣ ಸೂಜಿ ಕೇಳಿ ತಂದೆ. “ಜಿಪ್ ಅರ್ಧ ತೆರೆದಿಟ್ಟು ಹೊಲೀರಿ ಯಜಮಾನ್ರೇ” ಎಂದಳು ಆಯಮ್ಮ, ಕೇಳದೆಯೇ. ನಾನು ಮುಖ ಗಂಟು ಹಾಕಿಕೊಂಡೇ ಬಂದೆ. ಹಾಗೆಯೇ ಹೊಲಿದೆ. ಹೊಸ ಬಟ್ಟೆ, ಹೊಸ ಜಿಪ್. ಮೂಲೆಗಳನ್ನು ಪೆನ್ಸಿಲ್ ತುದಿಯಿಂದ ತಳ್ಳಿ ಹೊರಗೆ ತಂದೆ.

ಚೆನ್ನಾಗಿ ಬಂದಿದೆ. ನಿಜವಾಗಿ ಚೆನ್ನಾಗಿ ಬಂದಿದೆ. ಹತ್ತು ಸಲ ಜಿಪ್ ಎಳೆದು ನೋಡಿದೆ.

ಮಾರ್ಚ್ 13, ಗುರುವಾರ. ಸಂಜೆ 6

ಕೊಟ್ಟೆ.

“ತಗೋ. ನಾನೇ ಹೊಲಿದಿದ್ದು. ನಿನ್ನ ಪುಸ್ತಕ ಇಡೋಕೆ. ಇನ್ಮೇಲೆ ಯಾರೂ ಕೈ ಹಾಕಲ್ಲ.”

ಅವಳು ಪೌಚ್ ನೋಡಿದಳು, ನನ್ನನ್ನು ನೋಡಿದಳು. “ಯಾರೂ ಅಂದ್ರೆ ಯಾರು?”

ಎರಡಕ್ಷರ. ‘ನಾನು’ ಎನ್ನಬೇಕಿತ್ತು, ಅಷ್ಟೇ. “ಯಾರೂ ಅಂದ್ರೆ ಯಾರೂ! ಪ್ರತಿಯೊಂದಕ್ಕೂ ಕೊಕ್ಕೆ ತೆಗೀಬೇಡ!” ಎಂದು ಅರಚಿದೆ. ಹೆಂಡತಿ ಹಣೆ ಚಚ್ಚಿಕೊಂಡಳು.

ನಾಲ್ಕು ಗಂಟೆಗೆ ಎರಡು ಬ್ಯಾಗ್ ತುಂಬಿಕೊಂಡು ಹೊರಟುಹೋದಳು. ನನ್ನ ನಾಲಿಗೆಗೆ ಬೆಂಕಿ ಬೀಳ.

ಮಾರ್ಚ್ 14. ಬೆಳಿಗ್ಗೆ 7

ಅವಳ ಹಾಸಿಗೆಯ ಮೇಲೆ ಪೌಚ್ ಇದೆ. ಒಳಗೆ ಪುಸ್ತಕ. ಮುಟ್ಟಿದರೆ ಗೊತ್ತಾಗುತ್ತದೆ.

ಮರೆತು ಹೋದಳೋ, ಬೇಡವೆಂದು ಬಿಟ್ಟು ಹೋದಳೋ, ನನ್ನ ಪರೀಕ್ಷೆಗೆ ಇಟ್ಟಳೋ? ಹೆಂಡತಿಗೂ ಗೊತ್ತಿಲ್ಲ. ಪರೀಕ್ಷೆಯಾದರೆ — ಅಪ್ಪನಿಗೇ ಪರೀಕ್ಷೆ ಇಡುವಷ್ಟು ಕೊಬ್ಬಾ? ಮೈ ಉರಿಯಿತು. ರನ್ನರ್ ಬೆರಳಿಗೆ ಸಿಕ್ಕಿತು. ಈ ತಿಂಗಳು ಏನು ಬರೆದಿದ್ದಾಳೋ, ನನ್ನ ಜನ್ಮ ಜಾಲಾಡಿರುತ್ತಾಳೆ...

ಬಿಟ್ಟೆ. ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ದೆ, ಕೆಲಸದ ಹೊತ್ತಾಗುವವರೆಗೆ.

ರಾತ್ರಿ 8

ಅಕ್ಕನ ಮನೆಗೆ ಹೋದೆ. ಅಕ್ಕ ಬಾಗಿಲಲ್ಲೇ ಚೆನ್ನಾಗಿ ಝಾಡಿಸಿದಳು. ಕೇಳಿಸಿಕೊಂಡೆ. ಮಗಳು ಬಂದಳು. ಪೌಚ್ ಚಾಚಿದೆ. ತೆಗೆದುಕೊಂಡು ಒತ್ತಿ ನೋಡಿದಳು.

“ಓದಿದ್ರಾ?”

“ಇಲ್ಲ.”

ನನ್ನ ಮುಖವನ್ನೇ ನೋಡಿದಳು. ನಂಬಲಿಲ್ಲ.

“ಓದಿದ್ರೂ ಪರವಾಗಿಲ್ಲ ಅಪ್ಪ. ಸುಳ್ಳು ಹೇಳ್ಬೇಡಿ.”

“ಸುಳ್ಳಲ್ಲ ಕಣೇ!” ಬೀದಿಗೆಲ್ಲ ಕೇಳುವಂತೆ ಕೂಗಿದೆ. ಎದುರುಮನೆಯ ಕಿಟಕಿ ತೆರೆಯಿತು. ಅವಳು ಒಳಗೆ ಹೋದಳು.

ಜೀವನದಲ್ಲಿ ಮೊದಲ ಸಲ ಕೈ ಕಟ್ಟಿ ಕೂತಿದ್ದೆ. ಅದನ್ನೂ ನಂಬುವವರಿಲ್ಲ. ಕೋಪಕ್ಕೆ ಕಣ್ಣಲ್ಲಿ ನೀರು ಬಂತು. ಅಲ್ಲ, ಕೋಪಕ್ಕಲ್ಲ.

ಮಾರ್ಚ್ 15. ಬೆಳಿಗ್ಗೆ 5.50

148/94.

ಮತ್ತೆ ಹೋಗುತ್ತೇನೆ. ಕೂಗಬಾರದು. ಏನು ಹೇಳಬೇಕೆಂದು ಇಲ್ಲೇ ಬರೆದು ಕಲಿತುಕೊಂಡು ಹೋಗುತ್ತೇನೆ.

‘ಮಗಳೇ, ನಿನ್ನೆ ನಾನು ದೇವರಾಣೆ ಓದಲಿಲ್ಲ.’

ಬೇಡ. ಅದನ್ನು ಹೊಡೆದು ಹಾಕಿದೆ. ಅವಳು ಕೇಳುತ್ತಿರುವುದು ನಿನ್ನೆಯದಲ್ಲ.

‘ಮಗಳೇ, ಅವತ್ತು ನಾನು ಓದಿದ್ದು ತಪ್ಪಾ...’