ಗಂಟಿನ ಕೆಳಗಿನ ಗುಲಾಬಿ

ಫೆಬ್ರವರಿ 9, ಬೆಳಿಗ್ಗೆ

ಮೀನಿನ ತಲೆ ಕೊಳೆಸಿದ ನೀರನ್ನು ಇವತ್ತೂ ಗುಲಾಬಿಯ ಬುಡಕ್ಕೆ ಸುರಿದಾಯಿತು. ಬಕೆಟ್ಟಿನ ಮುಚ್ಚಳ ತೆಗೆದ ಕೂಡಲೇ ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಥೂ. ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆದರೂ ಬೆರಳಿನಿಂದ ನಾತ ಹೋಗಿಲ್ಲ. ಇದೇ ಕೈಯಲ್ಲಿ ಈಗ ತಿಂಡಿ ಮಾಡಬೇಕು.

ಅತ್ತೆ ಕಿಟಕಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮೊಣಕಾಲು ನೋವು, ಹಿತ್ತಲಿಗೆ ಇಳಿಯಲಾಗದು. ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. "ಬುಡಕ್ಕೆ ಸುರಿ, ಎಲೆ ಮೇಲಲ್ಲ. ಬಕೆಟ್ಟಲ್ಲಿ ಇನ್ನೂ ಇದೆಯಲ್ಲ, ಅದನ್ನ ಯಾರಿಗೆ ಇಟ್ಟಿದ್ದೀಯ?"

ನನಗೇ, ಮಧ್ಯಾಹ್ನ ಕುಡಿಯುವುದಕ್ಕೆ — ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

ಆದರೂ ಮಾಡುತ್ತಿದ್ದೇನೆ. ಕಾರಣವಿದೆ. ಮೈದುನ ಹೊಸ ಮನೆ ಕಟ್ಟಿಸಿದ್ದಾನೆ. ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ ಎನ್ನುತ್ತಿದ್ದಾನೆ. ಮಕ್ಕಳನ್ನು ಗದರಿಸಿ ಕೂರಿಸಲು ಆಳು ಸಿಕ್ಕಿಲ್ಲ, ಅದಕ್ಕೇ ಈಗ ಅಮ್ಮನ ಮೇಲೆ ಪ್ರೀತಿ ಉಕ್ಕಿದೆ. ಅತ್ತೆ ಒಪ್ಪಿದ್ದಾರೆ, ಆದರೆ ಷರತ್ತು. ಮಾವನವರು ನೆಟ್ಟ ಈ ಗುಲಾಬಿ ಮತ್ತೆ ಹೂ ಬಿಡಬೇಕು. ಮೊದಲಿನ ಪರಿಮಳವೇ ಇರಬೇಕು. ಆಮೇಲೆ ಗಿಡ ಬೇರು ಸಮೇತ ಅವರ ಜೊತೆಗೇ ಬರಬೇಕು. "ಅದಿಲ್ಲದ ಮನೆಗೆ ನಾನು ಕಾಲಿಡಲ್ಲ."

ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಒಂದು ದಿನವೂ ನನ್ನಿಷ್ಟದ ಹೊತ್ತಿಗೆ ಎದ್ದವಳಲ್ಲ. ಆ ಹೂ ಒಂದು ಬಿಡಲಿ. ಮೀನೇನು, ಮೊಸಳೆ ಕೊಳೆಸಿ ಹಾಕು ಅಂದರೂ ಹಾಕುತ್ತೇನೆ.

ಫೆಬ್ರವರಿ 15

ಚಿಗುರಿನ ತುಂಬ ಹೇನು. ಹಸಿರು, ಮೆತ್ತಗೆ, ಒಂದರ ಮೇಲೊಂದು. ಔಷಧಿ ಹೊಡೆಯುವ ಹಾಗಿಲ್ಲ, ಪರಿಮಳ ಕೆಡುತ್ತದಂತೆ. ಬೆರಳಲ್ಲೇ ಹಿಸುಕಬೇಕು. ಹಿಸುಕಿದೆ. ಅಂಟಂಟು ರಸ... ಬರೆಯುವಾಗಲೂ ಮೈ ಜುಮ್ಮೆನ್ನುತ್ತದೆ.

ಕೆಲಸಕ್ಕೆ ಹೋದರೆ ಅಲ್ಲಿ ಬಾಯಿಗಳು. ಹಲ್ಲಿನ ಡಾಕ್ಟರ ಪಕ್ಕ ನಿಂತು ಜೊಲ್ಲು ಹೀರುವ ಪೈಪು ಹಿಡಿಯುವುದು ನನ್ನ ಉದ್ಯೋಗ. ಒಬ್ಬ ಮನುಷ್ಯ ಬಾಯಿ ತೆರೆದ, ಗಟಾರ ತೆರೆದ ಹಾಗಾಯಿತು. ಅವನು ಹೋದ ಮೇಲೆ ಡಾಕ್ಟರು, "ಹಾಗೆ ಮುಖ ಸಿಂಡರಿಸ್ಬೇಡಿ, ಪೇಶೆಂಟ್‌ಗೆ ಬೇಜಾರಾಗತ್ತೆ" ಅಂದರು.

"ಮಾಸ್ಕ್ ಹಾಕಿದ್ದೆನಲ್ಲ ಸಾರ್."

"ನಿಮ್ಮದು ಮಾಸ್ಕ್ ಹಾಕಿದ್ರೂ ಕಾಣತ್ತೆ."

ಮಾರ್ಚ್ 3

ಗಿಡ ಎದ್ದಿದೆ. ನಿಜವಾಗಲೂ ಎದ್ದಿದೆ. ಹೋದ ನವೆಂಬರಿನಲ್ಲಿ ಅತ್ತೆ ಕಿಟಕಿಯಿಂದ ಹೇಳಿದ ಹಾಗೆ ಕತ್ತರಿಸಿದ್ದೆ — "ಒಣಗಿದ್ದನ್ನ ತೆಗಿ, ಹಸಿರಾಗಿರೋದನ್ನ ಬಿಡು." ಮೇಲಿನ ಮುದಿ ಕೊಂಬೆಗಳಿಗೆ ತೊಗಟೆ ಸುಲಿದು ಕಜ್ಜಿ ಹಿಡಿದಂತಿತ್ತು. ನೋಡಲಾಗದೆ ಎಲ್ಲ ಕಡಿದು ಹಾಕಿದೆ. ಬುಡದಿಂದ ನೆಟ್ಟಗೆ ಹೊರಟಿದ್ದ ಹಸಿರು ಚಿಗುರುಗಳನ್ನು ಬಿಟ್ಟೆ. ಈಗ ನನ್ನೆತ್ತರ ಬಂದಿವೆ. ತುದಿಯಲ್ಲಿ ಮೊಗ್ಗು.

ಮೈದುನನಿಗೆ ಫೋನ್ ಮಾಡಿ ಹೇಳಿದೆ. ದನಿಯಲ್ಲಿ ಖುಷಿ ತೋರಿಸಬಾರದು ಅಂದುಕೊಂಡಿದ್ದೆ, ಆಗಲಿಲ್ಲ.

ಮಾರ್ಚ್ 22, ಭಾನುವಾರ

ಹೂ ಬಿಟ್ಟಿತು. ಸಣ್ಣದು. ಬಣ್ಣ ಸುಮಾರಾಗಿ ಹಳೆಯದೇ, ಎಸಳು ಕಡಿಮೆ. ಗಿಡಕ್ಕೆ ವಯಸ್ಸಾದರೆ ಹಾಗೇ ಎಂದರು ಅತ್ತೆ. ಮೈದುನ, ಓರಗಿತ್ತಿ ಇಬ್ಬರೂ ಬಂದಿದ್ದರು. ಅತ್ತೆ ಹೂವನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು. ಎಲ್ಲರೂ ಉಸಿರು ಬಿಗಿಹಿಡಿದು ಕಾಯುತ್ತಿದ್ದೆವು. ನಾನಂತೂ ಪರೀಕ್ಷೆಯ ರಿಸಲ್ಟಿಗೂ ಹಾಗೆ ಕಾದಿರಲಿಲ್ಲ.

"ಆಹಾ," ಅಂದರು. "ಅದೇ."

ಮೈದುನ ಮೂಸಿದ. "ಅಪ್ಪನ ಕಾಲದ್ದೇ ಅಮ್ಮ, ಒಂದಿಷ್ಟೂ ಬದಲಾಗಿಲ್ಲ." ಓರಗಿತ್ತಿ ಮೂಸಿದಳು. "ಅಂಗಡಿ ಸೆಂಟೆಲ್ಲ ಇದರ ಮುಂದೆ ಏನೂ ಅಲ್ಲ ಅತ್ತೆ." ನಮ್ಮವರೂ ಮೂಸಿ, ಬಾಲ್ಯ ನೆನಪಾಯಿತು ಎಂದು ಕಣ್ಣೊರೆಸಿಕೊಂಡರು.

ಕೊನೆಗೆ ನನ್ನ ಕೈಗೆ ಬಂತು. ಮೂಸಿದೆ. ಏನೂ ಇಲ್ಲ. ಇನ್ನೊಮ್ಮೆ ಮೂಸಿದೆ. ನಲ್ಲಿ ನೀರಿಗೆ ಇದಕ್ಕಿಂತ ವಾಸನೆ ಇರುತ್ತದೆ. ಅತ್ತೆ ನನ್ನನ್ನೇ ನೋಡುತ್ತಿದ್ದರು. "ಚೆನ್ನಾಗಿದೆ" ಎಂದು ಗೊಣಗಿ ಹೂ ವಾಪಸು ಕೊಟ್ಟೆ.

ಮೂವತ್ತಕ್ಕೆ ಗಾಡಿ ಎಂದು ನಿಶ್ಚಯವಾಯಿತು.

ಮಾರ್ಚ್ 24

ನನ್ನ ಮೂಗೇ ಕೆಟ್ಟಿತೇ ಎಂದು ಸಂಶಯವಿತ್ತು. ಕ್ಲಿನಿಕ್ಕಿನಲ್ಲಿ ಮೊದಲ ಬಾಯಿ ತೆರೆದಾಗಲೇ ಪರಿಹಾರವಾಯಿತು. ಮೂಗು ಸರಿಯಾಗಿದೆ, ದುರದೃಷ್ಟ.

ಸಂಜೆ ಬುಡದ ಮಣ್ಣು ಕೆದಕಿ ನೋಡಿದೆ. ಒಂದು ಗಂಟು. ಕಸಿ ಕಟ್ಟಿದ ಜಾಗ. ಹೀಗೆ ಕಟ್ಟಿದ ಗಿಡದಲ್ಲಿ ಬೇರು ಕಾಡುಗುಲಾಬಿಯದು, ಗಂಟಿನ ಮೇಲಿನದು ಮಾತ್ರ ಪರಿಮಳದ್ದು. ನಾವು ಹಲ್ಲಿನ ಬೇರಿನ ಮೇಲೆ ಕ್ಯಾಪ್ ಕೂರಿಸುವುದಿಲ್ಲವೇ, ಹಾಗೆ. ಈ ನನ್ನೆತ್ತರದ ಚಿಗುರುಗಳೆಲ್ಲ ಹೊರಟಿರುವುದು ಗಂಟಿನ ಕೆಳಗಿನಿಂದ. ಮೇಲಿನದನ್ನು, ಅಂದರೆ ಮಾವನವರು ನೆಟ್ಟ ಗುಲಾಬಿಯನ್ನು, ನೋಡಲು ಅಸಹ್ಯ ಅಂತ ನಾನೇ ಕಡಿದು ಕಸಕ್ಕೆ ಹಾಕಿದ್ದೇನೆ. ಹೆಬ್ಬೆರಳಿನಷ್ಟು ಮೋಟು ಉಳಿದಿದೆ. ಅದರ ಪಕ್ಕದಲ್ಲಿ ಕೆಂಪಗೆ, ಚಿಗುರೊಡೆಯುವ ಒಂದು ಕಣ್ಣು, ಸಾಸಿವೆಯಷ್ಟು. ಜೀವವಿದೆ. ಕೆಳಗಿನದನ್ನೆಲ್ಲ ತೆಗೆದು ಕಾಪಾಡಿದರೆ ಬಂದೀತು. ಈ ವರ್ಷವಂತೂ ಅಲ್ಲ. ಈಗ ಅಗೆದು ಬೇರೆ ಕಡೆ ನೆಟ್ಟರೆ ಅದೂ ಹೋಗುತ್ತದೆ.

ನಮ್ಮವರಿಗೆ ಹೇಳಿದೆ. ಪೇಪರಿನಿಂದ ತಲೆ ಎತ್ತಲಿಲ್ಲ.

"ನಿಜ ಹೇಳಿ, ನಿಮಗೆ ವಾಸನೆ ಬಂತಾ?"

"ಅಮ್ಮ ಇದೆ ಅಂದ್ರಲ್ಲ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. "ಹಾಗಾದ್ರೆ ಕಣ್ಣೊರೆಸಿಕೊಂಡಿದ್ದು ಯಾಕೆ?"

"ಸುಮ್ನಿರೇ. ಅವರು ಸಂತೋಷವಾಗಿ ಹೊರಟಿದ್ದಾರೆ. ನಿಂಗೂ ಅದೇ ತಾನೆ ಬೇಕಿರೋದು?"

ಹೌದು, ಅದೇ ಬೇಕಿರುವುದು. ಅವರು ಅದನ್ನು ಬಾಯಿಬಿಟ್ಟು ಅಂದದ್ದಕ್ಕೆ ಮೈಯೆಲ್ಲ ಉರಿಯಿತು.

ಮಾರ್ಚ್ 28

ಕ್ಲಿನಿಕ್ಕಿನಿಂದ ಬಂದರೆ ಗೇಟಿನವರೆಗೂ ಸೀದ ವಾಸನೆ. ಒಲೆಯ ಮೇಲೆ ಹಾಲಿನ ಪಾತ್ರೆ ಕರಿ ಕಟ್ಟಿ ಹೊಗೆ ಏಳುತ್ತಿದೆ. ಅಲ್ಲೇ ಒಲೆಗೆ ಬೆನ್ನು ಮಾಡಿ ಅತ್ತೆ ಬೀನ್ಸ್ ಸೋಸುತ್ತ ಕೂತಿದ್ದಾರೆ, ಹಾಯಾಗಿ.

"ವಾಸನೆ ಬರ್ಲಿಲ್ವಾ ಅತ್ತೆ?"

"ನೆಗಡಿ" ಅಂದರು. ಮೂಗು ಎಳೆದುಕೊಳ್ಳಲಿಲ್ಲ, ಸೀನಲಿಲ್ಲ.

ಪಾತ್ರೆ ಉಜ್ಜುತ್ತ ಉಜ್ಜುತ್ತ ಹೊಳೆಯಿತು. ಮೀನಿನ ನೀರಿನ ಬಕೆಟ್ಟನ್ನು ಅವರ ಕಿಟಕಿಯ ಕೆಳಗೇ ಇಡಿಸುತ್ತಿದ್ದರು. ಎಷ್ಟು ದಿನದಿಂದ ಹೀಗೆ? ಮೂಗೇ ಇಲ್ಲದವರು ಆಹಾ ಅಂದರು, ಮೂಗಿದ್ದವರು ಹೂಂ ಅಂದರು. ಇಡೀ ವಂಶಕ್ಕೆ ನಾಚಿಕೆ ಇಲ್ಲ. ಸುಳ್ಳಿಗೆ ಗೊಬ್ಬರ ಹಾಕಿದವಳು ನಾನು, ನನಗೆ ಮೊದಲೇ ಇಲ್ಲ.

ಹೇಳಬಾರದು. ಇನ್ನೆರಡು ದಿನ.

ಮಾರ್ಚ್ 30, 11.15

ಗಾಡಿ ಗೇಟಿನ ಹೊರಗೆ ನಿಂತಿದೆ. ಗಿಡ ಅಗೆಯುವವನು ಗುದ್ದಲಿ ಹಿಡಿದು ಹಿತ್ತಲಲ್ಲಿದ್ದಾನೆ. ನಾನು ಬಚ್ಚಲಿನ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ಅತ್ತೆ ಎಲ್ಲರನ್ನೂ ಹೊರಗೆ ಕಳಿಸಿ ನನ್ನನ್ನು ಕರೆದರು. ಹೊರಡುವ ಸೀರೆ, ತೊಡೆಯ ಮೇಲೆ ಬ್ಯಾಗು, ಕೈಯಲ್ಲಿ ಇವತ್ತರಳಿದ ಇನ್ನೊಂದು ಹೂ.

"ನಂಗೆ ಮೂಗು ಹೋಗಿ ಮೂರು ವರ್ಷ ಆಯ್ತು" ಅಂದರು. "ಯಾರಿಗೂ ಹೇಳಿಲ್ಲ. ಹೇಳಿದ್ರೆ ಅಡುಗೆಮನೆಗೂ ಬಿಡಲ್ಲ ನೀವು."

"ಮತ್ತೆ ಅವತ್ತು ಆಹಾ ಅಂದ್ರಲ್ಲ."

"ಯಾರಾದ್ರೂ ಇಲ್ಲ ಅಂತಾರಾ ನೋಡೋಣ ಅಂತ. ಹೊಟ್ಟೇಲಿ ಹುಟ್ಟಿದವೂ ಅನ್ಲಿಲ್ಲ." ಹೂವನ್ನು ನನ್ನ ಕಡೆ ಚಾಚಿದರು. "ನಿನ್ನ ಮೂತಿ ನೋಡ್ದೆ ಅವತ್ತು. ಈ ಮನೇಲಿ ಸುಳ್ಳು ಹೇಳೋಕೆ ಬರದೆ ಇರೋದು ನಿನ್ನ ಮೂತಿ ಒಂದಕ್ಕೇ. ನಂಗೆ ವಾಸನೆ ಬರದಿದ್ರೂ ಪರ್ವಾಗಿಲ್ಲ, ಹೂವಲ್ಲಿ ಇರ್ಬೇಕು. ನೀನು ಇದೆ ಅಂದ್ರೆ ಹೋಗ್ತೀನಿ. ಇದೆಯಾ?"

'ಇದೆ' ಅನ್ನುವುದಕ್ಕೆ ಎಷ್ಟು ಉಸಿರು ಬೇಕು? ಖಾಲಿ ಮನೆ ಕಣ್ಣ ಮುಂದೆಯೇ ಇತ್ತು. ಬೆಳಿಗ್ಗೆ ತಡವಾಗಿ ಏಳುವುದು, ಯಾರ ಕೂಗೂ ಇಲ್ಲದೆ ಒಂದು ಲೋಟ ಕಾಫಿ.

"ಇಲ್ಲ" ಅಂದೆ. ನನ್ನ ಬಾಯಿಗೆ ಹುಳ ಬೀಳಲಿ.

ಗಂಟಿನ ವಿಷಯ, ನಾನು ಕಡಿದದ್ದು, ಎಲ್ಲ ಹೇಳಿಬಿಟ್ಟೆ. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಮತ್ತೆ ಮತ್ತೆ ಒರೆಸಿದರು.

"ಪೂರ್ತಿ ಹೋಯ್ತಾ?"

"ಒಂದು ಕಣ್ಣು ಇದೆ. ಇಲ್ಲೇ ಬಿಟ್ಟು ನೋಡ್ಕೊಂಡ್ರೆ ಬರಬಹುದು. ಮುಂದಿನ ವರ್ಷವೋ, ಅದರಾಚೆ ವರ್ಷವೋ."

"ಬಂದಾಗ ಮೂಸಿ ಹೇಳೋದು ಯಾರು?"

ಅವರು ತೊಡೆಯ ಮೇಲಿನ ಬ್ಯಾಗನ್ನು ಎತ್ತಿ ನನ್ನ ಕೈಗೆ ಕೊಟ್ಟರು. "ಒಳಗಿಡು."

ಎಷ್ಟು ಅಸಹ್ಯದ ಹೆಂಗಸು ನಾನು. ಒಂದು ಸುಳ್ಳು ಹೇಳಲು ಬರಲಿಲ್ಲ, ಅದೂ ಜೀವಮಾನದ ಸುಳ್ಳು. ಈಗ ಅತ್ತೆ ಬಾಗಿಲು ಬಡಿಯುತ್ತಿದ್ದಾರೆ. "ಒಳಗೇ ಮನೆ ಮಾಡಿದ್ಯಾ? ಗಾಡಿಯವನು ಕಾಯ್ತಾ ಇದಾನೆ, ಹಿತ್ತಲಲ್ಲಿ ಅವನು ಅಗೆಯೋಕೆ ಶುರು ಮಾಡ್ತಾನೆ, ಬೇಗ ಹೋಗಿ ತಡಿ—"

ತಡೆಯಬೇಕು. ಆ ಕಣ್ಣಿಗೆ ಗುದ್ದಲಿ ತಾಗಿದರೆ