ತಿನ್ನದೆ ಹೂತ ಮೀನು

ಕಟ್ಟೆ ಬಿಚ್ಚಿದ ನಲವತ್ತೊಂದನೆಯ ವರ್ಷ, ಸುಮ್ಮನಿರುವ ತಿಂಗಳಿಗೆ ಇನ್ನು ಎಂಟು ದಿನ
ಮಾದನಮಡು, ಕಾವೇರಿ ದಡ

ಅಜ್ಜೀ ಪುಟ್ಟಮಾದಿ,

ಮೇಲಿನ ತಾರೀಖು ನಿನ್ನ ಗೋಡೆಯ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಿನ್ನ ಲೆಕ್ಕಕ್ಕೆ ಇದು ಇಪ್ಪತ್ತೆರಡನೆಯ ಶತಮಾನದ ಕೊನೆ. ನಾನು ಕೆಂಪರಾಚಿ, ನಿನ್ನಿಂದಾಚೆಗೆ ಆರನೆಯ ತಲೆಮಾರು. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೋ. ನೀನೀಗ ಮೂವತ್ತರ ಹೆಂಗಸು, ನನಗೆ ಐವತ್ತೆರಡು. ಆದರೂ ನೀನೇ ಅಜ್ಜಿ. ಬೈಯುವುದಿದ್ದರೂ ಕಾಲು ಮುಟ್ಟಿಯೇ ಬೈಯುತ್ತೇನೆ.

ಕಟ್ಟೆ ಬಿಚ್ಚಿದ್ದು ಎಂದರೆ ಹಳೆಯ ಅಣೆಕಟ್ಟುಗಳ ಬಾಗಿಲು ಕಿತ್ತು ಹೊಳೆಯನ್ನು ಅದರ ಪಾಡಿಗೆ ಬಿಟ್ಟ ವರ್ಷ. ಅದು ಯಾರೂ ಕರುಣೆಯಿಂದ ಕೊಟ್ಟದ್ದಲ್ಲ. ಮೂರು ಮಳೆಗಾಲ ರಸ್ತೆಯಲ್ಲಿ ಕೂತು ಕಿತ್ತುಕೊಂಡದ್ದು. ಹನ್ನೊಂದರ ನಾನು ಅವ್ವನ ಪಕ್ಕ ನಿಂತು ಕೂಗಿದ ಕೂಗಿಗೆ ಒಡೆದ ಗಂಟಲು ಇನ್ನೂ ಸರಿಹೋಗಿಲ್ಲ. ಈಗ ಬಿಸಿಲು ನಿನ್ನ ಕಾಲದ್ದಲ್ಲ. ಬೆಳಗಿನ ನಾಲ್ಕು ಗಂಟೆ ದುಡಿದು, ನಡುಹಗಲು ನೆಲದಡಿಯ ತಂಪುಗುಂಡಿಗಳಲ್ಲಿ ಇಡೀ ಬೀದಿಯೇ ಒಟ್ಟಿಗೆ ಮಲಗುತ್ತೇವೆ. ಗೊರಕೆಯಲ್ಲೂ ಸಮಾನತೆ. ಹರಿಗೋಲನ್ನು ನಿಮ್ಮವರು ಎಸೆದುಹೋದ ಪ್ಲಾಸ್ಟಿಕ್ ಪೈಪು ಸೀಳಿ ಹೆಣೆಯುತ್ತೇವೆ. ಎಷ್ಟು ಎಸೆದಿದ್ದೀರಿ ಮಾರಾಯ್ತಿ, ಇನ್ನೂ ಮುಗಿದಿಲ್ಲ! ರಾಗಿಮುದ್ದೆ ಮಾತ್ರ ಹಾಗೇ ಇದೆ. ಮೀನು ಮೊಟ್ಟೆಯಿಡುವ ಕಾಲದಲ್ಲಿ ಯಾರೂ ನೀರಿಗೆ ಕಾಲಿಡುವುದಿಲ್ಲ. ಅದೇ ಸುಮ್ಮನಿರುವ ತಿಂಗಳು. ಅದಕ್ಕೆ ಮೊದಲು, ಹದಿನಾರು ತುಂಬಿದ ಮಕ್ಕಳಿಗೆ ಒಂದೆಸೆತ. ಬೆಳಗಿನ ಹೊಳೆಯಲ್ಲಿ ಮೊಣಕಾಲುದ್ದಕ್ಕೆ ನಿಂತು ಈಟಿಯನ್ನು ಒಂದೇ ಸಲ ಎಸೆಯಬೇಕು. ಬಿದ್ದ ಮೀನನ್ನು ಬೀದಿಯೆಲ್ಲ ಹಂಚಿ ತಿನ್ನಬೇಕು. ತಪ್ಪಿದರೆ ಆ ವರ್ಷ ಮತ್ತೆ ಎಸೆಯುವಂತಿಲ್ಲ. ಎಸೆಯುವ ಮೊದಲು ಹಿರಿಯರು ದಡದಿಂದ ಕೂಗುತ್ತಾರೆ: “ಹೊಟ್ಟೆ ನೋಡು!” ಮೊಟ್ಟೆ ಹೊತ್ತ ಬಸುರಿ ಮೀನಾದರೆ ಈಟಿ ಇಳಿಸಿ ಬರಬೇಕು.

ನಾಳೆ ನನ್ನ ಮಗಳು ಸಂಪಗಿಯ ಒಂದೆಸೆತ. ಅವಳು ಒಲ್ಲೆ ಅನ್ನುತ್ತಿದ್ದಾಳೆ. ಯಾವುದೋ ಹಳೆಯ ಚಿತ್ರ ನೋಡಿ, ಮುಳ್ಳಿಲ್ಲದ ಗಾಳದ ಕೊಕ್ಕೆಯೊಂದನ್ನು ತಾನೇ ಬಡಿದುಕೊಂಡು ಬಂದಿದ್ದಾಳೆ.

“ಅವ್ವಾ, ಕೊಲ್ಲೋದ್ಯಾಕೆ? ಹಿಡ್ದು, ಒಂದ್ಸಲ ಮುಟ್ಟಿ ಬುಟ್ಬುಡ್ತೀನಿ. ಅದೂ ಬದುಕ್ತದೆ, ನಾನೂ ಬದುಕ್ತೀನಿ.”

ನನಗೆ ಮೈಯೆಲ್ಲ ಉರಿದುಹೋಯಿತು. “ಬಾಯ್ ಹರ್ದು ಬುಡೋದ್ನ ಬದುಕ್ಸೋದು ಅಂತೀಯಲ್ಲ, ನಿನ್ ತುಟಿಗೊಂದ್ ಕೊಕ್ಕೆ ಹಾಕಿ ಊರೆಲ್ಲ ಎಳ್ದಾಡಿ ಬುಡ್ಲಾ? ಆಮೇಲ್ ಬದುಕ್ತೀಯ?” ಎಂದೆ. ಆಮೇಲೆ ನಿನ್ನ ಕತೆ ಹೇಳಿದೆ. ನಮ್ಮ ಮನೆಯ ಹೆಣ್ಣುಮಕ್ಕಳು ಇನ್ನೊಬ್ಬರ ಬಾಯಿ ಮುಚ್ಚಿಸಬೇಕಾದಾಗಲೆಲ್ಲ ನಿನ್ನನ್ನೇ ಕರೆಯುವುದು.

ನಿನ್ನಪ್ಪ ಜವನಯ್ಯ ಸಾರಿಗೆಂದು ಮಡುವಿನಲ್ಲಿ ಮೊಳದುದ್ದದ ಒಂದು ಗೆಂಡೆಮೀನಿಗೆ ಈಟಿ ಹಾಕಿದ. ಕಳ್ಳಬೇಟೆ ಎಂದು ಅರಣ್ಯದವರು ಹನ್ನೊಂದು ದಿನ ಜೈಲಿಗೆ ಹಾಕಿದರು. ಅದೇ ಮಡುವಿನಲ್ಲಿ, ಮೋಜಿಗೆ ಗಾಳ ಹಾಕಲು ಬರುವವರಿಗಾಗಿ ದಡದಲ್ಲಿ ಕಟ್ಟಿದ್ದ ಶಿಬಿರದ ಅತಿಥಿಗಳು ಆಳುದ್ದದ ಬಿಳಿಮೀನನ್ನು ಕೊಕ್ಕೆಗೆ ಸಿಕ್ಕಿಸಿ, ಅರ್ಧ ಗಂಟೆ ಎಳೆದಾಡಿ, ಸುಸ್ತಾದ ಮೇಲೆ ಎದೆಗಪ್ಪಿ ಫೋಟೊ ತೆಗೆಸಿಕೊಂಡು, ಮುತ್ತು ಕೊಟ್ಟು ಬಿಟ್ಟರು. ಒಂದೇ ಮೀನನ್ನು ಮೂರು ಸಲ. ಅದಕ್ಕೆ ಮಹಾರಾಣಿ ಎಂದು ಹೆಸರಿಟ್ಟರು. ಹಸಿದವನ ಈಟಿ ಅಪರಾಧ, ಹೊಟ್ಟೆ ತುಂಬಿದವನ ಕೊಕ್ಕೆ ಹವ್ಯಾಸ! ಆ ಶಿಬಿರದ ಹರಿಗೋಲು ನಡೆಸುತ್ತಿದ್ದವನು ನಿನ್ನ ಗಂಡ ಬೆಳ್ಳಮಾದ. ಮೀನನ್ನು ನೀರಿನಲ್ಲಿ ಹಿಡಿದು ಉಸಿರು ಬರುವವರೆಗೆ ಅಲ್ಲಾಡಿಸುತ್ತಿದ್ದವನೂ ಅವನೇ. ಬಿಟ್ಟ ಮೀನುಗಳಲ್ಲಿ ಕೆಲವು ಎರಡು ದಿನ ಬಿಟ್ಟು ಕೆಳಗಿನ ಬಂಡೆಗಳ ನಡುವೆ ತೇಲಿ ಬರುತ್ತಿದ್ದವು. ಅವನ್ನು ಅವನೊಬ್ಬನೇ ನೋಡುತ್ತಿದ್ದ, ಯಾರಿಗೂ ಹೇಳುತ್ತಿರಲಿಲ್ಲ.

ಬೇಸಿಗೆಯ ಕೊನೆಯ ಒಂದು ಬೆಳಿಗ್ಗೆ ನೀನು ಅಪ್ಪನ ಈಟಿ ಹಿಡಿದು ಮಡುವಿಗೆ ಇಳಿದೆ, ಮಹಾರಾಣಿಯನ್ನು ಹೊಡೆದೆ. ಇಲ್ಲಿಯವರೆಗೆ ಹೇಳಿ ನಾನು ಎದೆಯುಬ್ಬಿಸಿ ಕೂತಿದ್ದೆ.

ಸಂಪಗಿ ಕೇಳಿದಳು: “ಸರಿ ಕನವ್ವ. ಆ ಮೀನ್ನ ಯಾರ್ ತಿಂದ್ರು ಯೋಳು.”

ಅಜ್ಜೀ, ಇದ್ದದ್ದನ್ನು ಹೇಳಲೇಬೇಕಾಯಿತು. ಯಾರೂ ತಿನ್ನಲಿಲ್ಲ. ದಡಕ್ಕೆ ಎಳೆದಾಗ ಹೊಟ್ಟೆ ಬಿರಿದು ಮೊಟ್ಟೆಗಳು ಮರಳಿನ ಮೇಲೆ ಚೆಲ್ಲಿದವು. ನೀನು ಕೈಯಿಂದ ಮರಳು ತೋಡಿ ಅದನ್ನು ಹೂತು ಮನೆಗೆ ಬಂದೆ. ಸಾಯುವವರೆಗೂ ನಿನ್ನ ಒಲೆಯ ಮೇಲೆ ಮೀನು ಬೇಯಲಿಲ್ಲ. ಆ ಮಡುವಿನ ಕೊನೆಯ ದೊಡ್ಡ ಹೆಣ್ಣು ಅದೇ ಆಗಿತ್ತು. ಆಮೇಲೆ ನಾಲ್ಕು ತಲೆಮಾರು ಇಲ್ಲಿ ಯಾರೂ ಬಿಳಿಮೀನು ಕಾಣಲಿಲ್ಲ. ಈಗಿರುವುದು ದೂರದ ಹೊಳೆಯಿಂದ ಬಿಂದಿಗೆಗಳಲ್ಲಿ ಮರಿ ಹೊತ್ತು ತಂದು ಬಿಟ್ಟ ಸಂತತಿ.

“ಅಂಗಾರೆ ಅಜ್ಜಿ ಎಸೆದಿದ್ದು ಮೀನಿಗಲ್ಲ, ಶಿಬಿರದೋರ್ಗೆ. ಅವ್ರೂ ಆಟಕ್ಕೆ ಹಿಡ್ದ್ರು, ಅಜ್ಜೀನೂ ಹಟಕ್ಕೆ ಹೊಡೆದ್ಲು. ನಡುವೆ ಸತ್ತಿದ್ದು ಯಾರು?” ಎಂದಳು. ಹದಿನಾರರ ಹುಡುಗಿ! ನಿನ್ನ ನಾಲಿಗೆಯೇ ಅವಳಿಗೆ ಬಂದಿದೆ.

ನಾನು ಜೀವಮಾನವಿಡೀ ಈಟಿಯ ಪರ ಕೂಗಿದವಳು. ಈಗಲೂ ಕೂಗುತ್ತೇನೆ. ಈಟಿ ಸುಳ್ಳು ಹೇಳುವುದಿಲ್ಲ, ಕೊಂದೆ ಅನ್ನುತ್ತದೆ, ತಿಂದೆ ಅನ್ನುತ್ತದೆ. ಕೊಕ್ಕೆ ನೋಯಿಸಿ, ಉಳಿಸಿದೆ ಎಂದು ಎದೆ ತಟ್ಟಿಕೊಳ್ಳುತ್ತದೆ. ಆದರೆ ತಿನ್ನದೆ ಹೂತ ದಿನ ನಮ್ಮ ಈಟಿಯೂ ಸುಳ್ಳು ಹೇಳಿತು. ಅದನ್ನು ಮುಚ್ಚಿಟ್ಟು ನಿನ್ನನ್ನು ವೀರವನಿತೆಯನ್ನಾಗಿ ಮಾಡಿಕೊಂಡವರು ನಾವು, ತಪ್ಪು ನಮ್ಮದೂ ಹೌದು. ಸಂಪಗಿಗೆ ಇದನ್ನೇ ಹೇಳಿದೆ. ಅವಳು ಕೊಕ್ಕೆಯನ್ನು ನನ್ನ ಅಂಗೈಗೆ ಹಾಕಿದಳು. “ನಾಳೆ ನೀರ್ಗೆ ಇಳೀತೀನಿ. ಹೊಟ್ಟೆ ನೋಡಿ ಎಸೆಯೋದೋ ಬುಡೋದೋ ನನಗೆ ಬುಟ್ಟಿದ್ದು. ದಡದಲ್ಲಿ ನಿಂತ್ಕಂಡು ಬಾಯ್ ಬಡ್ಕೋಬ್ಯಾಡ” ಎಂದಳು. ಒಪ್ಪಿದೆ.

ಈ ಕಾಗದ ಹೇಗೆ ತಲುಪುತ್ತದೋ ನನಗೂ ತಿಳಿಯದು. ತಲುಪಿದರೆ, ನೀನು ಈಟಿ ಹಿಡಿದು ಹೊರಡುವ ಬೆಳಿಗ್ಗೆಗೆ ಮುಂಚೆ ತಲುಪಲಿ. ಸಿಟ್ಟು ಬಿಡು ಎಂದು ಹೇಳುವಷ್ಟು ಕೆಟ್ಟವಳಲ್ಲ ನಾನು. ಆ ಸಿಟ್ಟು ನಿನ್ನ ಮಕ್ಕಳಿಗೆ ಬೇಕು, ಕಟ್ಟೆ ಬಿಚ್ಚಲು ನಮಗೂ ಬೇಕಾಯಿತು. ಅದನ್ನು ಮೀನಿನ ಮೇಲೆ ಖರ್ಚು ಮಾಡಬೇಡ. ಶಿಬಿರದ ಬಾಗಿಲಿಗೆ ಹೊತ್ತುಕೊಂಡು ಹೋಗು, ಬೆಳ್ಳಮಾದನನ್ನೂ ಕರೆದುಕೊಂಡು ಹೋಗು. ತೇಲಿ ಬಂದ ಮೀನುಗಳ ವಿಷಯ ಅವನು ಎಲ್ಲರೆದುರು ಬಾಯಿಬಿಟ್ಟು ಹೇಳಲಿ.

ನೀನು ಎಸೆಯದಿದ್ದರೆ ‘ಹೊಟ್ಟೆ ನೋಡು’ ಎಂಬ ನಮ್ಮ ಕೂಗು ಹುಟ್ಟುವುದೇ ಇಲ್ಲ, ಅದು ನಿನ್ನ ಆ ಬೆಳಗಿನಿಂದ ಬಂದದ್ದು. ಹೋಗಲಿ ಬಿಡು. ಕೂಗು ಇಲ್ಲದಿದ್ದರೂ ನಡೆದೀತು. ಮೀನು ಬದುಕಿರಲಿ. ನೀರಿಗಿಳಿ, ಮಹಾರಾಣಿ ಪಕ್ಕಕ್ಕೆ ಹೊರಳುವವರೆಗೆ ಕಾಯಿ, ಹೊಟ್ಟೆ ನೋಡು, ಮನೆಗೆ ಬಾ. ಒಲೆ ಹಚ್ಚಿ ಮಕ್ಕಳಿಗೆ ಸಾರು ಮಾಡು.

ನಿನ್ನ ಮೊಮ್ಮಗಳು,
ಕೆಂಪರಾಚಿ