ಜೊತೆಗೆ ನಿಲ್ಲಿಸಿ ನೋಡಿದರು

೧೪ ಮಾರ್ಚ್ ೧೯೭೬, ಭಾನುವಾರ

ಈ ಸಂಬಂಧವೂ ಕೂಡಿಬರಲಿಲ್ಲ. ದಪ್ಪ ಹೀಲಿನ ಹೊಸ ಬೂಟು ಹಾಕಿಕೊಂಡು ಅಕ್ಕನ ಜೊತೆ ರಾಜಾಜಿನಗರಕ್ಕೆ ಹೆಣ್ಣು ನೋಡಲು ಹೋಗಿದ್ದೆ. ಬೂಟನ್ನು ಬಾಗಿಲಲ್ಲೇ ಬಿಡಬೇಕಲ್ಲ, ಅದು ನಮ್ಮಿಬ್ಬರಿಗೂ ಹೊಳೆದೇ ಇರಲಿಲ್ಲ.

ಹುಡುಗಿಯ ಹೆಸರು ಶಿವಗಂಗಾ, ಸ್ಕೂಲಿನಲ್ಲಿ ಟೀಚರ್. ಉಪ್ಪಿಟ್ಟು ಕಾಫಿ ಆದ ಮೇಲೆ ಅವಳ ಸೋದರಮಾವ ಗಂಗಾಧರಯ್ಯನವರು, "ಇಬ್ರೂ ಒಂದ್ಸಲ ಜೊತೇಲಿ ನಿಂತ್ಕೊಳ್ರಪ್ಪಾ, ನೋಡೋಣ" ಅಂದರು. ನಿಂತೆವು. ಒಳಗಿನಿಂದ ಯಾರೋ ಕಿಸಕ್ಕನೆ ನಕ್ಕರು. ನನ್ನ ಕಿವಿ ಬಿಸಿಯಾಗಿ ತಲೆ ತಗ್ಗಿಸಿದೆ. ಆಗಲೇ ಅವಳ ಸೀರೆಯ ಅಂಚು ಮೆಲ್ಲಗೆ ನೆಲಕ್ಕೆ ಇಳಿದದ್ದು ಕಂಡಿತು. ನನ್ನ ಮಟ್ಟಕ್ಕೆ ಬರಲೆಂದು ಅವಳು ಸೀರೆಯೊಳಗೇ ಮೊಣಕಾಲು ಮಡಿಸಿದ್ದಳು.

"ನೆಟ್ಟಗೆ ನಿಂತ್ಕೊಳಮ್ಮಾ" ಅಂದರು ಮಾವ. ನಿಂತಳು.

ಗೇಟಿನ ಹತ್ತಿರ ಅವರು ಅಕ್ಕನಿಗೆ ಹೇಳಿದರು: "ಹುಡುಗ ಚಿನ್ನದಂಥೋನು ಕಣಮ್ಮಾ. ಆದ್ರೆ ಜೋಡಿ ಒಪ್ಪಲ್ಲ, ಜನ ಆಡ್ಕೋತಾರೆ."

ಬಸ್ಸಿನಲ್ಲಿ ಅಕ್ಕ, "ಬಿಡೋ, ವಿಜಯನಗರದಲ್ಲಿ ಇನ್ನೊಂದು ಹುಡುಗಿ ಇದೆ. ನಿನಗಿಂತ ಕುಳ್ಳಿ" ಅಂದಳು. ಬೇಡ ಅಂದೆ.

ಚಿಕ್ಕಂದಿನಿಂದ ನನ್ನೆದುರು ಬಗ್ಗಿದವರೆಲ್ಲ ಅಣಕಿಸಲು ಬಗ್ಗಿದವರೇ. ಇವಳೊಬ್ಬಳು ನನ್ನ ಮಾನ ಕಾಯಲು ಬಗ್ಗಿದಳು. ಅವಳನ್ನು ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು ಬಸ್‌ಸ್ಟಾಪಿನಲ್ಲಿ, ತರಕಾರಿ ಅಂಗಡಿಯ ಮುಂದೆ ಕಾಣಿಸಿಕೊಳ್ಳಬೇಕು. ಆಡಿಕೊಳ್ಳುವವರು ಆಡಿಕೊಳ್ಳಲಿ. ನಾನು ತಲೆಯೆತ್ತಿ ಅವಳನ್ನು ನೋಡುತ್ತಿರಬೇಕು.

ಇವತ್ತು ಅದೊಂದನ್ನೇ ಮಾಡಲಿಲ್ಲ. ನಾಚಿಕೆಯಿಂದ ಕೊನೆಯವರೆಗೂ ನೆಲ ನೋಡುತ್ತಿದ್ದೆ. ಈಗ ಎಷ್ಟು ಹೊತ್ತು ಕಣ್ಣು ಮುಚ್ಚಿ ಕೂತರೂ ಅವಳ ಮುಖ ನೆನಪಿಗೆ ಬರುತ್ತಿಲ್ಲ.